ನಾಣ್ಯದ ರಿಮ್ ಎದ್ದು ನಿಂತಿದೆಯಾ? ಟಂಕಸಾಲೆಯ ದೋಷ ಗುರುತಿಸುವ ಸಮಗ್ರ ಮಾರ್ಗದರ್ಶಿ

ನಾಣ್ಯ ಸಂಗ್ರಹಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು: "ಸರ್, ಈ ಐದು ರೂಪಾಯಿ ಅಂಚು ಒಂದು ಕಡೆ ಎದ್ದಿದೆ. ಎರರ್ ಕಾಯಿನ್ನಾ? ಎಷ್ಟು ಬರುತ್ತೆ?" ಜೊತೆಗಿರುವ ಫೋಟೋ ಮಸುಕು. ನೇರ ಮೇಲಿನಿಂದ ತೆಗೆದದ್ದು. ತೂಕ ಗೊತ್ತಿಲ್ಲ. ಹಾಗಾಗಿ ಉತ್ತರ ಕೊಡುವವರೂ ಅಂದಾಜಿನಲ್ಲೇ ಹೇಳುತ್ತಾರೆ. ಒಬ್ಬರು "ಸೂಪರ್ ಎರರ್, ಬಿಡಬೇಡಿ" ಅನ್ನುತ್ತಾರೆ. ಇನ್ನೊಬ್ಬರು "ಯಾರೋ ಸುತ್ತಿಗೆಯಲ್ಲಿ ಹೊಡೆದಿದ್ದಾರೆ" ಅನ್ನುತ್ತಾರೆ.

ಇದನ್ನು ಅಂದಾಜಿಗೆ ಬಿಡಬೇಕಿಲ್ಲ. ಒಂದು ಪ್ರಶ್ನೆಯನ್ನು ಬಿಡದೆ ಕೇಳಿಕೊಂಡರೆ ಸಾಕು: ಎದ್ದಿರುವ ಈ ಲೋಹ ಎಲ್ಲಿಂದ ಬಂತು? ಅಚ್ಚು ಬೀಳುವಾಗ ನಾಣ್ಯಕ್ಕೆ ಹೊಸದಾಗಿ ಲೋಹ ಸೇರುವುದಿಲ್ಲ. ಬಿಲ್ಲೆಯಲ್ಲಿ, ಅಂದರೆ ಅಚ್ಚು ಬೀಳುವ ಮೊದಲಿನ ಖಾಲಿ ಲೋಹದ ತುಂಡಿನಲ್ಲಿ, ಇದ್ದದ್ದೇ ಜಾಗ ಸಿಕ್ಕ ಕಡೆಗೆ ಹರಿಯುತ್ತದೆ. ಆ ಜಾಗ ಟಂಕಸಾಲೆಯ ಯಂತ್ರದಲ್ಲಿ ಎಲ್ಲಿತ್ತು ಅಂತ ನೀವು ಬೆರಳಿಟ್ಟು ತೋರಿಸಬಲ್ಲಿರಾದರೆ ಅದು ಎರರ್. ತೋರಿಸಲು ಆಗದಿದ್ದರೆ ಬಹುತೇಕ ಹೊರಗೆ ಬಿದ್ದ ಪೆಟ್ಟು. ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ರಿಮ್ ಹುಟ್ಟುವುದು ಹೇಗೆ

ಎರಡು ಹೆಸರು ಬೇರೆ ಬೇರೆ ಇಟ್ಟುಕೊಳ್ಳೋಣ. ನಾಣ್ಯದ ಮುಖದ ಸುತ್ತ ಸ್ವಲ್ಪ ಎತ್ತರವಾಗಿ ಓಡುವ ಕಟ್ಟು ರಿಮ್. ನಾಣ್ಯವನ್ನು ನಿಲ್ಲಿಸಿದರೆ ನೆಲಕ್ಕೆ ತಾಗುವ ಪಕ್ಕದ ಭಾಗ ಎಡ್ಜ್. ಗೆರೆಗೆರೆ ಇರುವುದು ಎಡ್ಜ್ ಮೇಲೆ. ಇವೆರಡನ್ನೂ "ಅಂಚು" ಅಂತ ಕರೆದುಬಿಟ್ಟರೆ ಅರ್ಧ ಗೊಂದಲ ಅಲ್ಲೇ ಶುರುವಾಗುತ್ತದೆ.

ಲೋಹದ ಪಟ್ಟಿಯಿಂದ ದುಂಡಗಿನ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆಗ ಅದು ಚಪ್ಪಟೆ, ರಿಮ್ ಇಲ್ಲ. ಕುಲುಮೆಯಲ್ಲಿ ಕಾಯಿಸಿ ಮೆದು ಮಾಡುತ್ತಾರೆ, ತೊಳೆದು ಹೊಳಪು ಕೊಡುತ್ತಾರೆ. ಜೊತೆಗೆ ಅಪ್‌ಸೆಟ್ಟಿಂಗ್ ಅನ್ನುವ ಯಂತ್ರದಲ್ಲಿ, ಬರಬರುತ್ತ ಕಿರಿದಾಗುವ ಸಂದಿನೊಳಗೆ ಬಿಲ್ಲೆಯನ್ನು ಉರುಳಿಸುತ್ತಾರೆ. ಪಕ್ಕದಿಂದ ಒತ್ತಡ ಬಿದ್ದು ಬಿಲ್ಲೆಯ ಸುತ್ತ ಲೋಹ ಸ್ವಲ್ಪ ಉಬ್ಬುತ್ತದೆ. ಇದು ರಿಮ್‌ನ ಮೊದಲ ರೂಪ. ಒಳಗಿನ ಚಿತ್ರ ಬೇಗ ಸವೆಯದಂತೆ ಕಾಯುವುದು, ನಾಣ್ಯಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು ಇದರಿಂದಲೇ.

ಆಮೇಲೆ ಬಿಲ್ಲೆ ಪ್ರೆಸ್‌ಗೆ ಹೋಗುತ್ತದೆ. ಅಲ್ಲಿ ಮೂರು ಸಾಮಾನು ಮುಖ್ಯ: ಕೆಳಗಿನ ಅಚ್ಚು, ಮೇಲಿನ ಅಚ್ಚು, ಸುತ್ತ ಬಿಗಿಯಾಗಿ ನಿಲ್ಲುವ ಉಕ್ಕಿನ ಬಳೆ. ಈ ಬಳೆಯೇ ಕಾಲರ್. ಅಚ್ಚು ಹತ್ತಾರು ಟನ್ ಒತ್ತಡದಲ್ಲಿ ಬಿಲ್ಲೆಯನ್ನು ಹಿಸುಕಿದಾಗ ಲೋಹ ಹೊರಗೆ ಹರಡಲು ನೋಡುತ್ತದೆ. ಕಾಲರ್ ಅದನ್ನು ತಡೆಯುತ್ತದೆ. ಹೊರಗೆ ಹೋಗಲಾಗದ ಲೋಹ ಅಚ್ಚಿನ ಸುತ್ತಲಿನ ತಗ್ಗನ್ನು ತುಂಬಿ ರಿಮ್ ಆಗುತ್ತದೆ. ಎಡ್ಜ್ ಮೇಲಿನ ಗೆರೆಗಳೂ ಕಾಲರ್‌ನ ಒಳಮೈಯಿಂದಲೇ ಬರುತ್ತವೆ.

ಹಾಗಾಗಿ ರಿಮ್ ಕೆಡುವುದಕ್ಕೆ ಇರುವ ಜಾಗಗಳು ಕೆಲವೇ. ಬಿಲ್ಲೆ ಸರಿ ಇರಲಿಲ್ಲ, ಅಚ್ಚು ಮುರಿದಿತ್ತು, ಅಚ್ಚು ಪಕ್ಕಕ್ಕೆ ಸರಿದಿತ್ತು, ಕಾಲರ್ ಪೂರ್ತಿ ಮೇಲೆ ಬಂದಿರಲಿಲ್ಲ, ಅಥವಾ ಕಾಲರ್‌ಗೂ ಅಚ್ಚಿಗೂ ನಡುವೆ ಸಂದು ಬಿದ್ದಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದೆಲ್ಲ ಯಂತ್ರದಲ್ಲಿ ಕಾಲರ್ ಹಾಕಿ ಒತ್ತಿದ ನಾಣ್ಯಗಳಿಗೆ ಮಾತ್ರ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದಲ್ಲಿ ಹೊಡೆದ ಆನೆ ಕಾಸು ಕೈಗೆ ಸಿಕ್ಕರೆ, ಸುತ್ತಲಿನ ಚುಕ್ಕೆಯ ಬಳೆ ಅರ್ಧವೇ ಬಿದ್ದಿರಬಹುದು, ಒಂದು ಬದಿ ಉಬ್ಬಿರಬಹುದು. ಅದು ಕೈಯಿಂದ ಸುತ್ತಿಗೆ ಹಾಕಿ ಹೊಡೆದದ್ದು. ಅಲ್ಲಿ ಕಾಲರ್ರೇ ಇಲ್ಲ. ಅದನ್ನು "ಎರರ್" ಅಂತ ಮಾರುವವರಿಂದ ದೂರ ಇರಿ.

ಏನೇನು ಬೇಕು

ಜಾಸ್ತಿ ಏನಿಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ವಾಚ್ ರಿಪೇರಿಯವರ ಹತ್ತಿರ ಇರುವಂಥದ್ದು). 0.01 ಗ್ರಾಂ ತನಕ ತೋರಿಸುವ ಚಿಕ್ಕ ತಕ್ಕಡಿ. ಡಿಜಿಟಲ್ ವರ್ನಿಯರ್ ಕ್ಯಾಲಿಪರ್. ಮೊಬೈಲ್ ಟಾರ್ಚ್. ಒಂದು ಆಯಸ್ಕಾಂತ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ವರ್ಷದ, ಅದೇ ಟಂಕಸಾಲೆಯ ಒಂದು ಒಳ್ಳೆಯ ನಾಣ್ಯ. ಇದೊಂದು ಇಲ್ಲದೆ ಉಳಿದದ್ದೆಲ್ಲ ಇದ್ದರೂ ಪ್ರಯೋಜನ ಕಡಿಮೆ.

ಟಂಕಸಾಲೆ ಯಾವುದು ಅಂತ ಇಸವಿಯ ಕೆಳಗೆ ನೋಡಿ. ವಜ್ರದ ಆಕಾರ ಇದ್ದರೆ ಮುಂಬೈ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಹಳೆಯ ನಾಣ್ಯಗಳಲ್ಲಿ ಬೇರೆ ಗುರುತುಗಳೂ ಇವೆ, ಆದರೆ ಈಗ ಚಲಾವಣೆಯಲ್ಲಿರುವ ಚಿಲ್ಲರೆಗೆ ಇಷ್ಟು ಸಾಕು.

ಹಂತ 1: ತೂಕ ನೋಡಿ

ಮೊದಲ ಕೆಲಸ ಇದೇ, ಲೂಪ್ ಅಲ್ಲ. ಯಾಕೆಂದರೆ ರಿಮ್ ಎದ್ದಿರುವ ನಿಜವಾದ ಎರರ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ತೂಕ ಮಾಮೂಲಿಯೇ ಇರುತ್ತದೆ. ಲೋಹ ಜಾಗ ಬದಲಿಸಿದೆ ಅಷ್ಟೇ.

ಕೈಗೆ ಸಿಗುವ ನಾಣ್ಯಗಳ ಅಳತೆ ಬರೆದಿಟ್ಟುಕೊಳ್ಳಿ:

- 1 ರೂಪಾಯಿ, 1992ರಿಂದ ಬಂದ ದೊಡ್ಡ ಸ್ಟೀಲ್ ನಾಣ್ಯ: 25 ಮಿ.ಮೀ, 4.85 ಗ್ರಾಂ
- 1 ರೂಪಾಯಿ, 2011ರ ಸರಣಿ: 21.93 ಮಿ.ಮೀ, 3.79 ಗ್ರಾಂ
- 2 ರೂಪಾಯಿ, 2011ರ ಸರಣಿ: 25 ಮಿ.ಮೀ, 4.85 ಗ್ರಾಂ
- 5 ರೂಪಾಯಿ, 2011ರ ಸರಣಿಯ ಹಳದಿ ನಾಣ್ಯ: 23 ಮಿ.ಮೀ, 6 ಗ್ರಾಂ
- 10 ರೂಪಾಯಿ, 2011ರ ಸರಣಿ: 27 ಮಿ.ಮೀ, 7.71 ಗ್ರಾಂ

ಕೆಲವು ನೂರಂಶ ಗ್ರಾಂ ಹೆಚ್ಚು ಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ತೂಕ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ, ಯಾರೋ ಮೇಲೆ ಬೆಸುಗೆ ಹಾಕಿದ್ದಾರಾ ಅಂತ ಅನುಮಾನ ಪಡಿ. ತುಂಬ ಕಡಿಮೆ ಇದ್ದರೆ ಅರದಲ್ಲಿ ಉಜ್ಜಿರಬಹುದು, ಇಲ್ಲವೇ ಬಿಲ್ಲೆಯೇ ತೆಳುವಾಗಿದ್ದಿರಬಹುದು. ಸ್ಟೀಲ್ ನಾಣ್ಯಕ್ಕೆ ಆಯಸ್ಕಾಂತ ಹಚ್ಚಿ ನೋಡುವುದೂ ಈಗಲೇ. 1992ರಿಂದೀಚೆಗಿನ ಸ್ಟೀಲ್ 1 ರೂಪಾಯಿ ಅಂಟಬೇಕು. ಹಳದಿ 5 ರೂಪಾಯಿ ಅಂಟಬಾರದು.

ಹಂತ 2: ವ್ಯಾಸವನ್ನು ನಾಲ್ಕು ದಿಕ್ಕಿಗೆ ಅಳೆಯಿರಿ

ಕ್ಯಾಲಿಪರ್‌ನಲ್ಲಿ ಒಂದು ಸಲ ಅಳೆದು ಬಿಡಬೇಡಿ. ನಾಣ್ಯವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ. ರಿಮ್ ತುಂಬ ತೆಳ್ಳಗೆ, ಚೂಪಾಗಿ ಎದ್ದಿದ್ದರೆ ಕ್ಯಾಲಿಪರ್ ದವಡೆ ಅದಕ್ಕೆ ತಾಗದಂತೆ ಹುಷಾರಾಗಿ ಹಿಡಿಯಿರಿ. ಮುರಿದರೆ ಎರರ್ ಹೋಯಿತು.

ಈ ಒಂದು ಅಳತೆ ಎಷ್ಟು ಹೇಳುತ್ತದೆ ನೋಡಿ. ವ್ಯಾಸ ಎಲ್ಲ ಕಡೆ ಮಾಮೂಲಿ ಇದ್ದರೆ ಕಾಲರ್ ತನ್ನ ಕೆಲಸ ಮಾಡಿದೆ, ದೋಷ ಅಚ್ಚಿನಲ್ಲೋ ಸಂದಿನಲ್ಲೋ ಇದೆ. ವ್ಯಾಸ ಜಾಸ್ತಿ ಇದ್ದರೆ ಲೋಹ ಕಾಲರ್ ದಾಟಿ ಹೊರಗೆ ಬಂದಿದೆ. ವ್ಯಾಸ ಕಡಿಮೆ ಇದ್ದು ರಿಮ್ ಮಾತ್ರ ದಪ್ಪಗೆ ಎದ್ದಿದ್ದರೆ, ಯಾರೋ ಹೊರಗಿನಿಂದ ಒಳಕ್ಕೆ ಹೊಡೆದಿದ್ದಾರೆ. 23 ಮಿ.ಮೀ ಇರಬೇಕಾದ ಐದು ರೂಪಾಯಿ 22.3 ತೋರಿಸಿದರೆ ಅಲ್ಲಿಗೇ ಮುಗಿಯಿತು. ಕಾಲರ್‌ನೊಳಗೆ ಒತ್ತಿದ ನಾಣ್ಯ ಕಾಲರ್‌ಗಿಂತ ಅಷ್ಟು ಚಿಕ್ಕದಾಗಿ ಹೊರಗೆ ಬರುವುದಿಲ್ಲ ಅಲ್ವಾ?

ಹಂತ 3: ಎಡ್ಜ್ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಆದರೆ ಉತ್ತರ ಇರುವುದೇ ಇಲ್ಲಿ. ನಾಣ್ಯವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಕಣ್ಣಿಗೆ ಪಕ್ಕದ ಭಾಗ ಕಾಣುವಂತೆ ಪೂರ್ತಿ ಒಂದು ಸುತ್ತು ತಿರುಗಿಸಿ. ಹಿಂದೆ ಒಂದು ಬಿಳಿ ಕಾಗದ ಇಟ್ಟರೆ ಆಕಾರ ಚೆನ್ನಾಗಿ ಕಾಣುತ್ತದೆ.

ಮೂರು ವಿಷಯ ಗಮನಿಸಿ. ಎಡ್ಜ್ ನೇರವಾಗಿದೆಯಾ, ಇಲ್ಲಾ ಮಧ್ಯದಲ್ಲಿ ಮೆಟ್ಟಿಲು ಇದೆಯಾ? ಗೆರೆಗಳು ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಪೂರ್ತಿ ಇವೆಯಾ? ರಿಮ್ ಎದ್ದಿರುವ ಜಾಗದ ನೇರಕ್ಕೆ ಎಡ್ಜ್ ಮೇಲೆ ಪೆಟ್ಟಿನ ಗುರುತು, ಚಪ್ಪಟೆ ಜಾಗ, ಗೀರು ಇದೆಯಾ? ಕೊನೆಯದಕ್ಕೆ "ಹೌದು" ಅಂತ ಬಂದರೆ ಮುಂದೆ ಹೋಗುವುದು ಸಮಯ ದಂಡ.

ಹಂತ 4: ಎದುರು ಮುಖದಲ್ಲಿ ಅದೇ ಜಾಗ ಹುಡುಕಿ

ದೋಷ ಎಲ್ಲಿದೆ ಅಂತ ಗಡಿಯಾರದ ಗಂಟೆಯಲ್ಲಿ ಹೇಳುವುದು ಸಂಗ್ರಹಕಾರರ ರೂಢಿ. ತಲೆ ಮೇಲೆ ಬರುವಂತೆ ಇಟ್ಟರೆ ಮೇಲ್ತುದಿ 12 ಗಂಟೆ, ಬಲ 3, ಕೆಳಗೆ 6, ಎಡ 9.

ಭಾರತದ ಈಗಿನ ನಾಣ್ಯಗಳಲ್ಲಿ ಎರಡೂ ಮುಖಗಳ ತಲೆ ಒಂದೇ ದಿಕ್ಕಿಗೆ ಇರುತ್ತದೆ. ಎಡದಿಂದ ಬಲಕ್ಕೆ ಮಗುಚಿದರೆ ಹಿಂದಿನ ಮುಖ ನೇರವಾಗಿಯೇ ಕಾಣುತ್ತದೆ. ಹಾಗಾಗಿ ಈ ಮುಖದ 3 ಗಂಟೆಯ ಬೆನ್ನಿಗೆ ಬರುವುದು ಆ ಮುಖದ 9 ಗಂಟೆ. 2ರ ಬೆನ್ನಿಗೆ 10. 12ರ ಬೆನ್ನಿಗೆ 12. ಅಮೆರಿಕದ ನಾಣ್ಯಗಳಲ್ಲಿ ಹಿಂದಿನ ಮುಖ ತಲೆಕೆಳಗಾಗಿರುತ್ತದೆ, ಅಲ್ಲಿ ಮೇಲಿನಿಂದ ಕೆಳಕ್ಕೆ ಮಗುಚಬೇಕು. ಆಗ 12ರ ಬೆನ್ನಿಗೆ 6 ಬರುತ್ತದೆ, 3ರ ಬೆನ್ನಿಗೆ 3.

ಈ ಲೆಕ್ಕ ಯಾಕೆ ಬೇಕು ಅಂದರೆ, ಅಚ್ಚು ಮುರಿದು ಒಂದು ಮುಖದಲ್ಲಿ ಲೋಹ ಉಬ್ಬಿದ್ದರೆ, ಅದರ ಬೆನ್ನಿಗಿರುವ ಜಾಗದಲ್ಲಿ ಚಿತ್ರ ಮಸುಕಾಗಿರುತ್ತದೆ. ಲೋಹ ಖಾಲಿ ಜಾಗದ ಕಡೆ ಓಡಿತು, ಎದುರಿನ ಅಚ್ಚಿನೊಳಗೆ ಒತ್ತಿ ತುಂಬುವಷ್ಟು ಬಲ ಉಳಿಯಲಿಲ್ಲ. ಇದನ್ನು ನಕಲು ಮಾಡುವುದು ಬಲು ಕಷ್ಟ. ಬೆಸುಗೆ ಹಾಕಿದವನಿಗೆ ಹಿಂದಿನ ಮುಖದ ನೆನಪೇ ಇರುವುದಿಲ್ಲ.

ಹಂತ 5: ಯಾವ ಬಗೆ ಅಂತ ಹೆಸರಿಡಿ

ಈಗ ಲೂಪ್ ಹಿಡಿಯಿರಿ. ಟಾರ್ಚನ್ನು ಮೇಲಿನಿಂದ ಬಿಡಬೇಡಿ. ಮೇಜಿನ ಮಟ್ಟದಿಂದ ಓರೆಯಾಗಿ ಬಿಡಿ. ಆಗ ಎದ್ದಿರುವುದರ ನೆರಳು ಬೀಳುತ್ತದೆ.

*ಚೂಪು ರಿಮ್.* ಇದನ್ನು ವೈರ್ ರಿಮ್, ಫಿನ್ ಅಂತಲೂ ಕರೆಯುತ್ತಾರೆ. ರಿಮ್‌ನ ತೀರ ಹೊರ ತುದಿಯಲ್ಲಿ ಬ್ಲೇಡಿನಷ್ಟು ತೆಳುವಾದ ಲೋಹ ಮೇಲಕ್ಕೆ ಎದ್ದಿರುತ್ತದೆ. ಕೆಲವೊಮ್ಮೆ ಪೂರ್ತಿ ಸುತ್ತ, ಕೆಲವೊಮ್ಮೆ ಕಾಲು ಸುತ್ತು. ಚಕ್ಕುಲಿ ಒರಳಿನಲ್ಲಿ ಹಿಟ್ಟು ಜಾಸ್ತಿಯಾಗಿ ಜೋರಾಗಿ ಒತ್ತಿದಾಗ, ಒತ್ತುವ ಬಿಲ್ಲೆಯ ಸುತ್ತಲಿನ ಸಂದಿನಿಂದ ಹಿಟ್ಟು ಮೇಲಕ್ಕೆ ಹತ್ತುತ್ತದಲ್ಲ, ಇಲ್ಲಿ ಆಗುವುದೂ ಅದೇ. ಅಚ್ಚಿಗೂ ಕಾಲರ್‌ಗೂ ನಡುವೆ ಕೂದಲೆಳೆ ಸಂದು ಇರುತ್ತದೆ. ಒತ್ತಡ ಜಾಸ್ತಿಯಾದರೆ, ಬಿಲ್ಲೆಯಲ್ಲಿ ಲೋಹ ಜಾಸ್ತಿ ಇದ್ದರೆ, ಅಪ್‌ಸೆಟ್ಟಿಂಗ್‌ನಲ್ಲಿ ರಿಮ್ ಅತಿಯಾಗಿ ಉಬ್ಬಿದ್ದರೆ, ಇಲ್ಲಾ ಕಾಲರ್ ಸವೆದು ಸಂದು ಅಗಲವಾಗಿದ್ದರೆ, ಲೋಹ ಆ ಸಂದಿಗೆ ನುಗ್ಗುತ್ತದೆ.

ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 1907ರಲ್ಲಿ ಶಿಲ್ಪಿ ಆಗಸ್ಟಸ್ ಸೇಂಟ್ ಗಾಡೆನ್ಸ್ ರೂಪಿಸಿದ 20 ಡಾಲರ್ ಚಿನ್ನದ ನಾಣ್ಯದಲ್ಲಿ ಚಿತ್ರ ತುಂಬ ಎತ್ತರವಾಗಿತ್ತು. ಅದು ಪೂರ್ತಿ ಮೂಡಬೇಕಾದರೆ ಒಂದೇ ನಾಣ್ಯವನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತಿತ್ತು. ಪ್ರತಿ ಸಲವೂ ಲೋಹ ಸಂದಿಗೆ ಹತ್ತಿ ಚೂಪು ರಿಮ್ ಏಳುತ್ತಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ಟಂಕಸಾಲೆಯವರು ಅದನ್ನು ಸರಿಮಾಡಿಕೊಂಡರು. ಹೀಗಾಗಿ ಸಂಗ್ರಹಕಾರರು ಇವತ್ತಿಗೂ ಆ ನಾಣ್ಯವನ್ನು ವೈರ್ ರಿಮ್, ಫ್ಲ್ಯಾಟ್ ರಿಮ್ ಅಂತ ಎರಡು ಬಗೆ ಮಾಡಿ ಕೊಳ್ಳುತ್ತಾರೆ.

ನಮ್ಮ ಕಡೆ ಪ್ರೂಫ್ ನಾಣ್ಯಗಳಲ್ಲಿ, ಅಂದರೆ ಸಂಗ್ರಹಕಾರರಿಗೆ ಅಂತಲೇ ವಿಶೇಷವಾಗಿ ಒತ್ತುವ ನಾಣ್ಯಗಳಲ್ಲಿ, ಚೂಪು ರಿಮ್ ಕಾಣಿಸಬಹುದು, ಅವನ್ನೂ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಚಲಾವಣೆಯ ನಾಣ್ಯದಲ್ಲಿ ಇದು ಉಳಿಯುವುದೇ ಕಷ್ಟ. ಚೀಲದಲ್ಲಿ ಇತರ ನಾಣ್ಯಗಳಿಗೆ ತಾಗಿ ಮುರಿಯುತ್ತದೆ, ಇಲ್ಲವೇ ಒಳಕ್ಕೆ ಮಡಚಿಕೊಳ್ಳುತ್ತದೆ. ಮಡಚಿಕೊಂಡ ಫಿನ್ ಲೂಪ್‌ನಲ್ಲಿ ರಿಮ್ ಉದ್ದಕ್ಕೂ ಒಂದು ಸಣ್ಣ ಸುಕ್ಕಿನ ಗೆರೆಯಾಗಿ ಕಾಣುತ್ತದೆ. ಬ್ಯಾಂಕಿನಿಂದ ಬಂದ ಹೊಸ ಪ್ಯಾಕೆಟ್‌ನಲ್ಲೇ ಹುಡುಕಬೇಕು. ಇನ್ನೊಂದು ಮಜಾ ಇದೆ: ಪ್ರೆಸ್‌ನಲ್ಲೇ ಮುರಿದ ಫಿನ್ ಚೂರು ಅಚ್ಚಿನ ಮೇಲೆ ಬಿದ್ದರೆ, ಮುಂದಿನ ನಾಣ್ಯದಲ್ಲಿ ಕೂದಲಿನಂಥ ಬಾಗಿದ ತಗ್ಗು ಮೂಡುತ್ತದೆ. ಅದು ಬೇರೆ ಎರರ್.

*ಭಾಗಶಃ ಕಾಲರ್.* ಹಂತ 3ರಲ್ಲಿ ಎಡ್ಜ್ ಮೇಲೆ ಮೆಟ್ಟಿಲು ಕಂಡಿದ್ದರೆ ಇದೇ. ಅಚ್ಚು ಬೀಳುವಾಗ ಕಾಲರ್ ಪೂರ್ತಿ ಮೇಲೆ ಬಂದಿರಲಿಲ್ಲ, ಎಲ್ಲೋ ಸಿಕ್ಕಿಕೊಂಡಿತ್ತು. ಬಿಲ್ಲೆಯ ಒಂದು ಭಾಗ ಕಾಲರ್ ಒಳಗೆ, ಒಂದು ಭಾಗ ಹೊರಗೆ. ಒಳಗಿದ್ದ ಭಾಗದ ಅಳತೆ ಸರಿಯಾಗಿ, ಗೆರೆಗಳೊಂದಿಗೆ ಮೂಡುತ್ತದೆ. ಹೊರಗಿದ್ದ ಭಾಗ ಹರಡಿ ಚಾಚಿಕೊಳ್ಳುತ್ತದೆ. ಪಕ್ಕದಿಂದ ನೋಡಿದರೆ ರೈಲು ಗಾಲಿಯ ಚಾಚು ಕಂಡಂತಾಗುವುದರಿಂದ ಇಂಗ್ಲಿಷ್ ಸಂಗ್ರಹಕಾರರು ಇದನ್ನು ರೈಲ್‌ರೋಡ್ ರಿಮ್ ಅನ್ನುತ್ತಾರೆ.

ಎಡ್ಜ್ ಮೇಲೆ ಗೆರೆ ಇರುವ ಐದು ರೂಪಾಯಿಯಲ್ಲಿ ಇದನ್ನು ಗುರುತಿಸುವುದು ಸುಲಭ. ಗೆರೆಗಳು ಅರ್ಧಕ್ಕೆ ಚಕ್ಕನೆ ನಿಂತು, ಅಲ್ಲಿಂದ ನುಣುಪಾದ ಚಾಚು ಶುರುವಾಗುತ್ತದೆ. ಕಾಲರ್ ಓರೆಯಾಗಿ ಸಿಕ್ಕಿಕೊಂಡಿದ್ದರೆ ಚಾಚು ಒಂದು ಕಡೆ ಮಾತ್ರ ಇದ್ದು, ಎದುರು ಕಡೆ ಬರುತ್ತ ಬರುತ್ತ ಕರಗಿಹೋಗುತ್ತದೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಇದು "ಒಂದು ಕಡೆ ರಿಮ್ ದಪ್ಪ" ಅಂತ ಮಾತ್ರ ಕಾಣುವುದು. ವ್ಯಾಸವನ್ನು ಎರಡು ಮಟ್ಟದಲ್ಲಿ ಅಳೆಯಿರಿ, ಗೆರೆ ಇರುವ ಕಡೆ ಒಮ್ಮೆ, ಚಾಚಿನ ಕಡೆ ಒಮ್ಮೆ. ವ್ಯತ್ಯಾಸ ಬಂದೇ ಬರುತ್ತದೆ.

ಕಾಲರ್ ಸ್ವಲ್ಪವೂ ಮೇಲೆ ಬಾರದೇ ಇದ್ದರೆ ಅದು ಬ್ರಾಡ್‌ಸ್ಟ್ರೈಕ್. ನಾಣ್ಯ ಅಗಲವಾಗಿ, ತೆಳ್ಳಗೆ ಹರಡಿರುತ್ತದೆ. ಎಡ್ಜ್ ಮೇಲೆ ಗೆರೆಯೇ ಇರುವುದಿಲ್ಲ. ರಿಮ್ ಏಳುವ ಬದಲು ಚಪ್ಪಟೆಯಾಗಿರುತ್ತದೆ.

*ಕಡ್.* ಅಚ್ಚಿನ ಅಂಚಿನ ಒಂದು ತುಂಡೇ ಮುರಿದುಬಿದ್ದರೆ ಆಗುವುದು. ಆ ಖಾಲಿ ಜಾಗಕ್ಕೆ ಲೋಹ ತುಂಬಿ, ರಿಮ್‌ಗೆ ಅಂಟಿಕೊಂಡ ಆಕಾರವಿಲ್ಲದ ಉಬ್ಬಾಗಿ ನಿಲ್ಲುತ್ತದೆ. ಅದರ ಕೆಳಗಿದ್ದ ಅಕ್ಷರ, ಚಿತ್ರ ಎಲ್ಲ ಮಾಯ. ನೆನಪಿಡಿ, ಮುಚ್ಚಿಹೋಗಿರುವುದಲ್ಲ, ಅಲ್ಲಿ ಅದು ಮೂಡಿಯೇ ಇಲ್ಲ.

ನನ್ನ ಮಟ್ಟಿಗೆ ರಿಮ್ ಎರರ್‌ಗಳಲ್ಲಿ ನೋಡಲು ಅತ್ಯಂತ ಚೆಂದ ಇದೇ. ಸ್ಟೀಲ್ ಗಟ್ಟಿ ಲೋಹ, ಅಚ್ಚುಗಳಿಗೆ ಅದನ್ನು ಒತ್ತುವುದು ಹೆಚ್ಚು ಕಷ್ಟ. ಹಾಗಾಗಿ ನಮ್ಮ 1, 2 ರೂಪಾಯಿ ಸ್ಟೀಲ್ ನಾಣ್ಯಗಳಲ್ಲಿ ಅಚ್ಚಿನ ಬಿರುಕು, ಸಣ್ಣ ಕಡ್ ಹುಡುಕಿದರೆ ಸಿಗುತ್ತವೆ. ಪರೀಕ್ಷೆ ಹೀಗೆ: ಉಬ್ಬು ರಿಮ್‌ಗೆ ತಾಗಿದೆಯಾ? ಮೈ ಮೆತ್ತಗೆ ದುಂಡಾಗಿ ಇಳಿಯುತ್ತದೆಯಾ? ಬಣ್ಣ, ಹೊಳಪು ಉಳಿದ ನಾಣ್ಯದ್ದೇ ಆಗಿದೆಯಾ? ಉಬ್ಬಿನ ತುದಿಯಿಂದ ಸಣ್ಣ ಎದ್ದ ಗೆರೆ, ಅಂದರೆ ಅಚ್ಚಿನ ಬಿರುಕು, ಒಳಕ್ಕೆ ಓಡಿದೆಯಾ? ಬೆನ್ನಿಗಿರುವ ಜಾಗ ಮಸುಕಾಗಿದೆಯಾ? ತುಂಬ ಚಿಕ್ಕ ಕಡ್ ಆದರೆ ಕೊನೆಯ ಗುರುತು ಕಾಣದೇ ಇರಬಹುದು. ದೊಡ್ಡದರಲ್ಲಿ ಕಾಣಲೇಬೇಕು. ರಿಮ್‌ಗೆ ತಾಗದೆ ಅಕ್ಷರಗಳ ನಡುವೆ ಇರುವ ಚುಕ್ಕೆಯಂಥ ಉಬ್ಬು ಕಡ್ ಅಲ್ಲ. ಅದು ಅಚ್ಚಿನ ಚಕ್ಕೆ ಎದ್ದದ್ದು, ಬೆಲೆ ಕಡಿಮೆ.

ಇನ್ನೊಂದು ಪುರಾವೆಯೂ ಇದೆ. ಮುರಿದ ಅಚ್ಚನ್ನು ಗಮನಿಸಿ ತೆಗೆಯುವ ತನಕ ಅದು ಒತ್ತುತ್ತಲೇ ಇರುತ್ತದೆ. ಹಾಗಾಗಿ ಅದೇ ಇಸವಿ, ಅದೇ ಟಂಕಸಾಲೆ, ಅದೇ ಜಾಗದಲ್ಲಿ ಅದೇ ಆಕಾರದ ಕಡ್ ಇರುವ ಇನ್ನೊಂದು ನಾಣ್ಯ ಬೇರೆಯವರ ಹತ್ತಿರ ಸಿಗಬಹುದು. ಸಿಕ್ಕರೆ ವಾದವೇ ಬೇಡ. ಸುತ್ತಿಗೆ ಪೆಟ್ಟು ಎರಡು ನಾಣ್ಯಕ್ಕೆ ಒಂದೇ ಥರ ಬೀಳುವುದಿಲ್ಲ.

*ಸರಿದ ಅಚ್ಚು.* ಒಂದು ಮುಖದಲ್ಲಿ ರಿಮ್ ಒಂದು ಕಡೆ ಅಗಲ, ಎದುರು ಕಡೆ ಕಾಣದಷ್ಟು ಸಣ್ಣ. ಇನ್ನೊಂದು ಮುಖ ಸರಿಯಾಗಿದೆ. ವ್ಯಾಸ ಮಾಮೂಲಿ. ಮೇಲಿನ ಅಚ್ಚು ಮಧ್ಯಕ್ಕೆ ಕೂರದೆ ಪಕ್ಕಕ್ಕೆ ಸರಿದಿತ್ತು, ಅಷ್ಟೇ. ಇದು ತುಂಬ ಸಾಮಾನ್ಯ. ಸುಮ್ನೆ ಚಿಲ್ಲರೆ ಡಬ್ಬಿ ಸುರಿದರೂ ಒಂದೆರಡು ಸಿಗುತ್ತವೆ. ರಿಮ್ ಅಗಲವಾಗಿದೆ, ಎತ್ತರವಾಗಿಲ್ಲ ಅನ್ನುವುದನ್ನು ಗಮನಿಸಿ. ಎರಡೂ ಮುಖ ಒಂದೇ ಕಡೆಗೆ ಸರಿದು, ವ್ಯಾಸವೂ ಕೆಟ್ಟಿದ್ದರೆ ಮಾತ್ರ ಆಫ್ ಸೆಂಟರ್. ಅದು ಬೇರೆ, ಅದಕ್ಕೆ ಬೆಲೆ ಜಾಸ್ತಿ.

*ಕಾಲರ್‌ನ ಗಾಯಗಳು.* ಎಡ್ಜ್ ಮೇಲೆ ಒಂದು ಕಡೆ ಮಾತ್ರ ಲೋಹ ಹೊರಕ್ಕೆ ಉಬ್ಬಿದ್ದರೆ ಕಾಲರ್‌ನ ತುಂಡು ಹಾರಿಹೋಗಿತ್ತು ಅಂತ ಅರ್ಥ. ರಿಮ್ ತುದಿಯಲ್ಲಿ ಗರಗಸದ ಹಲ್ಲಿನಂಥ ಸಣ್ಣ ಸಣ್ಣ ಗೆರೆಗಳು ಸಾಲಾಗಿ ಎದ್ದಿದ್ದರೆ, ಸರಿದ ಅಚ್ಚು ಗೆರೆ ಇರುವ ಕಾಲರ್‌ಗೆ ಬಡಿದು ಆ ಗೆರೆಗಳ ಗುರುತು ಹೊತ್ತುಕೊಂಡಿದೆ. ಲೂಪ್ ಇಲ್ಲದೆ ಇದು ಕಾಣುವುದಿಲ್ಲ.

*10 ರೂಪಾಯಿಯ ಒಳ ಅಂಚು.* ಎರಡು ಲೋಹದ ನಾಣ್ಯದಲ್ಲಿ ಹೊರಗಿನ ಬಳೆ, ಒಳಗಿನ ಬಿಲ್ಲೆ ಎರಡೂ ಒತ್ತುವಾಗಲೇ ಒಂದಕ್ಕೊಂದು ಬಿಗಿಯುತ್ತವೆ. ಒಳಬಿಲ್ಲೆ ಸರಿಯಾಗಿ ಕೂರದಿದ್ದರೆ ಸೇರುವ ಗೆರೆಯ ಮೇಲೆ ಲೋಹ ಏರಿ ದಿಣ್ಣೆಯಾಗುತ್ತದೆ. ನಿಜವಾದದ್ದರಲ್ಲಿ ದಿಣ್ಣೆಯ ಮೇಲೂ ಚಿತ್ರ ಒತ್ತಿರುತ್ತದೆ. ಒಳಬಿಲ್ಲೆಯನ್ನು ಹೊರಗೆ ತಳ್ಳಿ, ಮತ್ತೆ ತಿರುಗಿಸಿ ಕೂರಿಸಿದ ನಾಣ್ಯಗಳು ಮಾರಾಟಕ್ಕೆ ಬರುತ್ತವೆ. ಅವುಗಳಲ್ಲಿ ಗೆರೆಯ ಸುತ್ತ ಉಜ್ಜಿದ ಗುರುತು ಇರುತ್ತದೆ, ಬಿಲ್ಲೆ ಸಡಿಲವಾಗಿ ಅಲುಗುತ್ತದೆ.

ಹಂತ 6: ಹೊರಗಿನ ಪೆಟ್ಟಲ್ಲ ಅಂತ ಖಚಿತ ಮಾಡಿಕೊಳ್ಳಿ

ಎರರ್ ಅಂತ ತೀರ್ಮಾನಿಸುವ ಮೊದಲು ಎದುರು ಪಕ್ಷದ ವಾದವನ್ನೂ ಕೇಳಬೇಕು. ರಿಮ್ ಎಬ್ಬಿಸುವ ಹೊರಗಿನ ಕಾರಣಗಳು ಮುಖ್ಯವಾಗಿ ಇವು.

ಬಟ್ಟೆ ಒಣಗಿಸುವ ದೊಡ್ಡ ಡ್ರಯರ್‌ಗಳಲ್ಲಿ ನಾಣ್ಯ ಸಿಕ್ಕಿಕೊಂಡು ದಿನಗಟ್ಟಲೆ ಉರುಳುವುದುಂಟು. ಸಾವಿರಾರು ಸಣ್ಣ ಪೆಟ್ಟು ಎಡ್ಜ್ ಮೇಲೆ ಬೀಳುತ್ತವೆ. ರಿಮ್ ಸುತ್ತಲೂ ಒಂದೇ ಸಮ ದಪ್ಪವಾಗಿ, ಒಳಕ್ಕೆ ಸುರುಳಿಯಾಗಿ ಅಕ್ಷರಗಳ ತಲೆ ಮುಚ್ಚುತ್ತದೆ. ಎಷ್ಟು ನೀಟಾಗಿರುತ್ತದೆ ಅಂದರೆ ಯಂತ್ರದಲ್ಲೇ ಆದದ್ದು ಅನ್ನಿಸಿಬಿಡುತ್ತದೆ. ಅಮೆರಿಕದ ಪೆನ್ನಿ, ಕ್ವಾರ್ಟರ್‌ಗಳಲ್ಲಿ ಇದು ಸಾಮಾನ್ಯ. ಹಂತ 2ರ ವ್ಯಾಸ ಇದನ್ನು ಹಿಡಿದುಕೊಡುತ್ತದೆ: ನಾಣ್ಯ ಚಿಕ್ಕದಾಗಿರುತ್ತದೆ. ಉಂಗುರ ಮಾಡಲು ಅಂತ ಎಡ್ಜ್ ಮೇಲೆ ಚಮಚದಲ್ಲೋ ಸುತ್ತಿಗೆಯಲ್ಲೋ ಬಡಿದು ಅರ್ಧಕ್ಕೆ ಬಿಟ್ಟ ನಾಣ್ಯವೂ ಹೀಗೇ ಕಾಣುತ್ತದೆ.

ಕಲ್ಲಿನ ಮೇಲೆ ಬಿದ್ದ ಪೆಟ್ಟಿನಲ್ಲಿ ರಿಮ್ ಒಂದು ಕಡೆ ಎದ್ದಿರುತ್ತದೆ. ಆದರೆ ಪಕ್ಕದಲ್ಲೇ ಒಂದು ತಗ್ಗು ಇರುತ್ತದೆ. ಎದ್ದ ಲೋಹ ಆ ತಗ್ಗಿನಿಂದಲೇ ಬಂದದ್ದು.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದದ್ದು ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ. ಸರಕ್ಕೆ, ಡಾಬಿಗೆ ಪೋಣಿಸಲು 12 ಗಂಟೆಯ ಜಾಗದಲ್ಲಿ ಕೊಂಡಿ ಬೆಸೆದಿರುತ್ತಾರೆ. ಮುಂದೆಂದೋ ಆ ಕೊಂಡಿ ಕಿತ್ತು ಮಾರಿದಾಗ ರಿಮ್ ಮೇಲೆ ಒಂದು ಉಬ್ಬು ಉಳಿಯುತ್ತದೆ. ಇದನ್ನು ಕಡ್ ಅಂತ ತೋರಿಸುವವರಿದ್ದಾರೆ. ಲೂಪ್‌ನಲ್ಲಿ ನೋಡಿ: ಬೆಸುಗೆಯ ಬಣ್ಣ ಬೇರೆ, ಸೂಜಿಮೊನೆಯಂಥ ತೂತುಗಳು, ಸುತ್ತ ಅರದ ಗೀರುಗಳು. ಎಡ್ಜ್ ಗೆರೆಗಳ ಒಳಕ್ಕೂ ಬೆಸುಗೆ ಇಳಿದಿರುತ್ತದೆ. ಬೆನ್ನಿಗಿರುವ ಮುಖ ಮಸುಕಾಗಿರುವುದಿಲ್ಲ. ತೂಕ 11.66 ಗ್ರಾಂ ಇರಬೇಕಾದ ನಾಣ್ಯ, ಸವೆದದ್ದಾದರೂ ಅದಕ್ಕಿಂತ ಜಾಸ್ತಿ ತೂಗಿದರೆ ಬೇರೆ ಸಾಕ್ಷಿ ಬೇಡ.

ಹಂತ 7: ಫೋಟೋ, ಜೋಪಾನ

ನಾಲ್ಕು ಫೋಟೋ ಬೇಕು: ಎರಡು ಮುಖ, ದೋಷ ಇರುವ ಎಡ್ಜ್, ಒಳ್ಳೆಯ ನಾಣ್ಯದ ಪಕ್ಕದಲ್ಲಿಟ್ಟ ಎಡ್ಜ್. ಕೊನೆಯದು ಇದ್ದರೆ ನೋಡುವವರಿಗೆ ಅರ್ಧ ಕೆಲಸ ಉಳಿಯುತ್ತದೆ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಓರೆಯಾಗಿ ಬೀಳಲಿ.

ತೊಳೆಯಬೇಡಿ. ಹುಣಸೆಹಣ್ಣು, ಪೀತಾಂಬರಿ ಯಾವುದೂ ಬೇಡ. ಉಜ್ಜಿದ ನಾಣ್ಯದ ಮೈಯಲ್ಲಿ ಮೂಲ ಹೊಳಪು ಹೋಗುತ್ತದೆ, ಕಡ್ ನಿಜವಾ ಸುಳ್ಳಾ ಅಂತ ಹೇಳುವ ಗುರುತೂ ಹೋಗುತ್ತದೆ. ಪಿವಿಸಿ ಇರುವ ಮೆತ್ತನೆ ಕವರ್‌ಗಳಲ್ಲಿ ಇಟ್ಟರೆ ವರ್ಷಗಳಾದ ಮೇಲೆ ಹಸಿರು ಅಂಟು ಹಿಡಿಯುತ್ತದೆ. ಚೂಪು ರಿಮ್ ನಾಣ್ಯಕ್ಕೆ, ಚಾಚು ಇರುವ ನಾಣ್ಯಕ್ಕೆ ಸ್ವಲ್ಪ ದೊಡ್ಡ ಅಳತೆಯ ಗಟ್ಟಿ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಬಿಗಿ ಡಬ್ಬಿಗೆ ತುರುಕಿದರೆ ಫಿನ್ ಮುರಿಯುತ್ತದೆ.

ಬೆಲೆಯ ವಿಷಯ

ಯೂಟ್ಯೂಬ್‌ನಲ್ಲಿ ಹೇಳುವ ಲಕ್ಷಗಳನ್ನು ನಂಬಬೇಡಿ. ಸರಿದ ಅಚ್ಚಿಗೆ ಮುಖಬೆಲೆಗಿಂತ ಸ್ವಲ್ಪ ಮೇಲೆ ಸಿಕ್ಕರೆ ಅದೇ ಹೆಚ್ಚು. ಚೂಪು ರಿಮ್‌ಗೂ ಅಷ್ಟಕ್ಕಷ್ಟೇ, ಅದು ಪೂರ್ತಿ ಸುತ್ತ ಉಳಿದಿದ್ದರೆ ಮಾತು ಬೇರೆ. ಕಡ್‌ಗೆ ಗಾತ್ರವೇ ಬೆಲೆ. ಸ್ಪಷ್ಟ ಮೆಟ್ಟಿಲಿರುವ ಭಾಗಶಃ ಕಾಲರ್, ಚೆನ್ನಾಗಿ ಹರಡಿದ ಬ್ರಾಡ್‌ಸ್ಟ್ರೈಕ್‌ಗೆ ಆಸಕ್ತರು ಸಿಗುತ್ತಾರೆ. ನಿಜವಾದ ದರ ಬೇಕಾದರೆ ಹರಾಜಿನಲ್ಲಿ ಮುಗಿದ ಮಾರಾಟ ನೋಡಿ, ಮಾರುವವರು ಕೇಳುವ ಬೆಲೆ ಅಲ್ಲ.

ನಾಣ್ಯ ಮಾರಿಸಿಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಅಲ್ಲೇ ಕತ್ತರಿಸಿ. ಹಳೆಯ ನೋಟು, ನಾಣ್ಯ ಮಾರುವ ನೆಪದಲ್ಲಿ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ಅಂಥ ವ್ಯವಹಾರ ತಾನು ಮಾಡುವುದಿಲ್ಲ ಅಂತಲೂ ಹೇಳಿತ್ತು. ಹಾಗೆಯೇ, "ಎರರ್" ತಯಾರಿಸಲು ಅಂತ ಚಲಾವಣೆಯ ನಾಣ್ಯ ಕರಗಿಸುವುದು, ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ.

ಕ್ಯಾಪ್ಸೂಲ್ ಜೊತೆ ಇಡುವ ಚೀಟಿಯಲ್ಲಿ ಮುಖಬೆಲೆ, ಇಸವಿ, ಟಂಕಸಾಲೆ ಗುರುತು, ತೂಕ, ವ್ಯಾಸ, ಯಾವ ಮುಖ, ಯಾವ ಗಂಟೆಯಿಂದ ಯಾವ ಗಂಟೆವರೆಗೆ, ಯಾವ ಬಗೆ ಅಂತ ಬರೆಯಿರಿ. ಭಾಗಶಃ ಕಾಲರ್ ಆದರೆ ಎರಡೂ ವ್ಯಾಸ ಬರೆಯಿರಿ. ಬಗೆ ಯಾವುದು ಅಂತ ಇನ್ನೂ ತೀರ್ಮಾನ ಆಗದಿದ್ದರೆ ಆ ಜಾಗವನ್ನು ಮಾತ್ರ ಪೆನ್ಸಿಲ್‌ನಲ್ಲಿ ತುಂಬಿ. ಅದೇ ಅಚ್ಚಿನ ಜೋಡಿ ನಾಣ್ಯ ಸಿಕ್ಕ ದಿನ ತಿದ್ದಿಕೊಳ್ಳಬಹುದು.